ನಮ್ಮ ಚಂದ್ರಿ, ಅವರ ಕುದುರೆ

ನಿನ್ನೆ ಸಂಜೆ ದೇವದುರ್ಗದ ನನ್ನ ಬಾಡಿಗೆ ಕೋಣೆಯಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆ. ಡಿಸೆಂಬರ್ ತಿಂಗಳು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಎಣ್ಣೆ ಹತ್ತಿದ ಬೆರಳು ಎಲ್ಲಿ ತಗಲಿತೋ ಏನೋ, ಫೋನು ಒಂದು ಸಿನಿಮಾದ ಚಿತ್ರ ತೋರಿಸಿತು. ಅಗಲ ಟೋಪಿಯ ಗಂಡು, ಕೆಂಪು ಸ್ವೆಟರಿನ ಹೆಣ್ಣು, ಸುತ್ತ ಹಿಮ, ಹಿಂದೆ ಒಂದು ಕಂದು ಕುದುರೆ. ನನಗೆ ಮೊದಲು ಗುರುತು ಸಿಕ್ಕಿದ್ದು ಕುದುರೆಯದು. ಹೋದ ವರ್ಷ ಇದೇ ಕ್ರಿಸ್‌ಮಸ್ ರಜೆಯಲ್ಲಿ ರಾಯಚೂರಿನ ಅಕ್ಕನ ಮನೆಯಲ್ಲಿ ಕೂತು ನೋಡಿದ ಸಿನಿಮಾದ ಎರಡನೇ ಭಾಗವಂತೆ ಇದು. ಅಂದರೆ ಆ ಟೋಪಿಯವನೂ ಸ್ವೆಟರಿನವಳೂ ಇನ್ನೂ ಕೂಡಿಯೇ ಇದ್ದಾರೆ. ನನಗಂತೂ ಅಷ್ಟು ಭರವಸೆ ಇರಲಿಲ್ಲ.

ನೀವು ಈ ತರಹದ ಸಿನಿಮಾ ನೋಡಿರಲಿಕ್ಕಿಲ್ಲ, ಆದರೂ ಕಥೆ ನಿಮಗೆ ಗೊತ್ತಿರುತ್ತದೆ. ದೊಡ್ಡ ಪಟ್ಟಣದಲ್ಲಿ ದೊಡ್ಡ ಕೆಲಸದ ಹುಡುಗಿ, ಹಬ್ಬದ ರಜೆಗೆ ತಾತನ ಸಣ್ಣ ಊರಿಗೆ ಬರುತ್ತಾಳೆ. ತಾತನ ಹೊಲ, ದನದ ಹಟ್ಟಿ ಎಲ್ಲ ಮಾರಿ ಕೈ ತೊಳೆದುಕೊಂಡು ಹೋಗಬೇಕೆಂಬುದು ಅವಳ ಲೆಕ್ಕ. ಅಲ್ಲಿ ಹಟ್ಟಿ ನೋಡಿಕೊಳ್ಳುವ ಕೌಬಾಯ್ ಒಬ್ಬ. ಮೊದಲು ಜಗಳ. ಆಮೇಲೆ ದೀಪದ ಸರ ಕಟ್ಟುವಾಗ ಅವಳು ಏಣಿಯಿಂದ ಜಾರುತ್ತಾಳೆ, ಅವನು ಹಿಡಿದುಕೊಳ್ಳುತ್ತಾನೆ, ಹಿಡಿದವನು ಬಹಳ ಹೊತ್ತು ಇಳಿಸುವುದಿಲ್ಲ. ಇಂಥದ್ದನ್ನು ನೋಡಿ ಎದ್ದವರು ಕೇಳಬೇಕಾದ ಪ್ರಶ್ನೆ ಒಂದೇ: ಜೋಡಿ ನಂಬುವಂತಿದೆಯೋ, ಇಲ್ಲವೋ? ಹೋದ ವರ್ಷ ನಮ್ಮಲ್ಲಿ ಆ ಪ್ರಶ್ನೆ ಎರಡು ಜೋಡಿಗಳ ಬಗ್ಗೆ ಎದ್ದಿತು. ಒಂದು ಟಿವಿಯ ಒಳಗಿತ್ತು, ಇನ್ನೊಂದು ಟಿವಿಯ ಮುಂದೆ ಕೂತಿತ್ತು.

ಮುಂದೆ ಹೋಗುವ ಮುಂಚೆ ನನ್ನ ಬಗ್ಗೆ ಎರಡು ಮಾತು. ವಾರದ ದಿನಗಳಲ್ಲಿ ನಾನು ಅತಿಥಿ ಶಿಕ್ಷಕ, ಮದುವೆಯ ದಿನಗಳಲ್ಲಿ ಮಿಮಿಕ್ರಿ ಕಲಾವಿದ. ರಾಯಚೂರು ಬಸ್‌ಸ್ಟ್ಯಾಂಡಿನ ಮೈಕು, ನಶ್ಯ ಏರಿಸಿದ ಹೆಡ್‌ಮಾಸ್ತರ, ಟಂಟಂ ಆಟೋದ ಹಿಂದೆ ಜೋತುಬಿದ್ದು ಊರ ಹೆಸರು ಕೂಗುವವ, ಮೊಮ್ಮಗನಿಗೆ ಫೋನಿನಲ್ಲಿ ಮುತ್ತು ಕೊಡುವ ಅಜ್ಜಿ, ಯಾರು ಬೇಕು ಹೇಳಿ, ಬರುತ್ತಾರೆ. ಮಾನ್ವಿಯ ಒಂದು ಮದುವೆಯಲ್ಲಿ ನಾನು ಮೈಕು ಹಿಡಿದ ಕೂಡಲೇ ಇಡೀ ಸಭೆ ಎದ್ದು ಹೋಯಿತು. ಎಲೆ ಹಾಕಿದ್ದರು, ಅದಕ್ಕೇ ಎದ್ದರು ಅಂತ ಹೆಣ್ಣಿನ ಕಡೆಯವರು ಸಮಾಧಾನ ಹೇಳಿದರು. ನಾನು ನಂಬಿದ್ದೇನೆ. ನಂಬದೆ ಈ ಕಸುಬು ನಡೆಯುವುದಿಲ್ಲ.

ಈಗ ದೊಡ್ಡಪ್ಪನ ಬಗ್ಗೆ. ನನ್ನ ಅವ್ವನ ಅಕ್ಕನ ಗಂಡ. ನಮ್ಮೂರು ಪೋತ್ನಾಳದಲ್ಲಿ ಊರವರ ದನ ಕಾಯುತ್ತಿದ್ದ. ಟೋಪಿ ಇರಲಿಲ್ಲ, ಟವೆಲ್ಲು ಇತ್ತು. ಕುದುರೆ ಇರಲಿಲ್ಲ, ಕಾಲು ಇದ್ದವು. ನಮ್ಮ ಶಾಲೆಯಲ್ಲಿ ಲೆಕ್ಕ ತಪ್ಪಿದವರಿಗೆಲ್ಲ ಮೇಷ್ಟ್ರು ಒಂದೇ ಮಾತು ಅನ್ನುತ್ತಿದ್ದರು: "ದನಾ ಕಾಯಾಕ ಹೋಗಲೇ!" ಒಂದು ದಿನ ಅದನ್ನು ನನಗೆ ಅಂದರು. ಎರಡು ತರಗತಿಗಳಿಗೆ ಒಂದೇ ಕೋಣೆ. ಆ ಬದಿಯಲ್ಲಿ ದೊಡ್ಡಪ್ಪನ ಮಗಳು ರೇಣುಕಕ್ಕ ಕೂತಿದ್ದಳು. ಎದ್ದು ನಿಂತಳು.

"ಸರ್, ಇಂವಗ ದನಾ ಕಾಯಾಕ ಬರಂಗಿಲ್ರೀ. ನಮ್ಮಪ್ಪ ಕಾಯ್ತಾನ, ಅದು ಭಾಳ ತ್ರಾಸಿನ ಕೆಲಸ. ಇಂವಗ ನೀವು ಲೆಕ್ಕಾನೇ ಕಲಸ್ರಿ."

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟರು. ನನ್ನ ಮಾನ ಹೋಯಿತು, ದೊಡ್ಡಪ್ಪನದು ಉಳಿಯಿತು. ಅದೇ ರೇಣುಕಕ್ಕ ಈಗ ರಾಯಚೂರಿನಲ್ಲಿ ಹೈಸ್ಕೂಲ್ ಗಣಿತ ಟೀಚರ್. ನಮ್ಮ ಮನೆತನದಲ್ಲಿ ಸರ್ಕಾರಿ ನೌಕರಿಯ ಮೊದಲ ಹೆಣ್ಣುಮಗಳು. ದನ ಕಾಯುವ ಆ ಮಾತನ್ನು ಅವಳ ತರಗತಿಯಲ್ಲಿ ಒಂದು ಮಗುವೂ ಕೇಳಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಎಷ್ಟು ಅಗಲವಾಗುತ್ತದೆಂದರೆ ಅಂಗಿಯ ಗುಂಡಿಗೆ ಅಪಾಯ.

ದೊಡ್ಡಪ್ಪ, ದೊಡ್ಡವ್ವ ಒಬ್ಬರಿಗೊಬ್ಬರು ನೇರವಾಗಿ ಮಾತಾಡುವವರಲ್ಲ. ಜಗಳವೇನಿಲ್ಲ, ಅದು ಆ ಮನೆಯ ನಡತೆ. ದೊಡ್ಡವ್ವ ಸೊಸೆಯಾಗಿ ಬಂದಾಗ ಅತ್ತೆ ಮಾವ ಇದ್ದರು. ಹಿರಿಯರ ಎದುರು ಗಂಡನ ಮುಖ ನೋಡಿ ಮಾತಾಡುವುದು ಅಂದರೆ ನಾಚಿಕೆಗೇಡು. ಹಿರಿಯರು ಹೋದರು, ನಾಚಿಕೆ ಉಳಿಯಿತು. ಆದರೆ ಸಂಸಾರ ಅಂದಮೇಲೆ ಮಾತು ಬೇಕಲ್ಲ? ಅದಕ್ಕೆ ಚಂದ್ರಿ ಇತ್ತು. ಚಂದ್ರಿ ಅಂದರೆ ಎಮ್ಮೆ. ಕಾಡಿಗೆಗಿಂತ ಕಪ್ಪಗಿದ್ದ ಅದಕ್ಕೆ ಚಂದ್ರನ ಹೆಸರಿಟ್ಟವನು ದೊಡ್ಡಪ್ಪನೇ.

ಸಂಜೆ ದೊಡ್ಡಪ್ಪ ಎಮ್ಮೆಯ ಮೈ ತಿಕ್ಕುತ್ತಾ ಅನ್ನುತ್ತಿದ್ದ: "ಚಂದ್ರೀ, ನಾಳೆ ಮಾನ್ವಿ ಸಂತಿಗೆ ಹೊಂಟೀನಿ. ಏನರ ತರಬೇಕೇನು, ಕೇಳು."

ಒಳಗೆ ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಅನ್ನುತ್ತಿದ್ದಳು: "ಚಂದ್ರೀ, ಉಳ್ಳಾಗಡ್ಡಿ ಮುಗದಾವಂತ ಹೇಳು. ಹ್ವಾದ ಸಲದಂಗ ಕೊಳತಿದ್ದು ತಂದ್ರ ನಿನಗ ಹಾಕ್ತೀನಂತ ಅದನೂ ಹೇಳು."

"ನೀ ತಿಂತೀಯೇನಬೇ ಚಂದ್ರೀ? ತಿನ್ನಂಗಿಲ್ಲಂತ. ಆತು, ಛಲೋನೇ ತರ್ತೀನಿ."

ಚಂದ್ರಿ ಮೆಲುಕು ಹಾಕುತ್ತಾ ಕಿವಿ ಅಲ್ಲಾಡಿಸುತ್ತಿತ್ತು. ರೇಣುಕಕ್ಕನ ಹೈಸ್ಕೂಲು, ಕಾಲೇಜು, ಬಿ.ಎಡ್., ಎಲ್ಲ ತೀರ್ಮಾನವಾದದ್ದು ಆ ಕಿವಿಯಲ್ಲಿ. ನಾವು ಹುಟ್ಟಿದಾಗಿಂದ ಇದನ್ನೇ ನೋಡಿದವರು, ಹಾಗಾಗಿ ನೋಡೇ ಇರಲಿಲ್ಲ. ಎಲ್ಲರ ಮನೆಯಲ್ಲೂ ಗಂಡ ಹೆಂಡತಿಯ ನಡುವೆ ಒಂದು ಎಮ್ಮೆ ಇರುತ್ತದೆ ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ.

ನೌಕರಿ ಆದಮೇಲೆ ರೇಣುಕಕ್ಕ ರಾಯಚೂರಿನಲ್ಲಿ ಮನೆ ಹಿಡಿದಳು, ಮಹಡಿಯ ಮೇಲೆ. ಅವ್ವ ಅಪ್ಪನನ್ನು ಕರೆತಂದಳು. ಬಾಗಿಲಿಗೆ ಬೋರ್ಡು ಹಾಕಿಸಿದಳು, ಅದರ ಮೇಲೆ ತನ್ನ ಹೆಸರಲ್ಲ, ಅವರಿಬ್ಬರ ಹೆಸರು, ಅಕ್ಕಪಕ್ಕ. ಊರ ದನ ಕಾದವನ ಹೆಸರು ರಾಯಚೂರಿನಲ್ಲಿ ಬೋರ್ಡಾದ ದಿನ ನಾನು ಬಸ್‌ಸ್ಟ್ಯಾಂಡಿನ ಮೈಕಿನ ದನಿಯಲ್ಲಿ ಅದನ್ನು ಓದಿದೆ. ದೊಡ್ಡಪ್ಪ "ಇನ್ನೊಮ್ಮಿ ಓದು" ಅಂದ. ಚಂದ್ರಿಯನ್ನು ಮಹಡಿ ಹತ್ತಿಸಲಾಗುತ್ತದೆಯೇ? ಅದು ಪೋತ್ನಾಳದಲ್ಲೇ ದೊಡ್ಡಪ್ಪನ ತಮ್ಮನ ಕೊಟ್ಟಿಗೆಗೆ ಹೋಯಿತು.

ಹೋದ ವರ್ಷ ಡಿಸೆಂಬರಿನಲ್ಲಿ ಅಕ್ಕನ ಫೋನು ಬಂತು. ದನಿ ಟೀಚರದಾಗಿರಲಿಲ್ಲ.

"ಲೇ, ಅವ್ವ ಅಪ್ಪ ಮಾತು ಬಿಟ್ಟಾರ. ಏನಾಗ್ಯದೋ ತಿಳೀವಲ್ದು. ಅಪ್ಪ ಬಾಗಲದಾಗ ಕುಂಡ್ರತಾನ, ಅವ್ವ ಅಡಗಿಮನ್ಯಾಗ. ನಾ ಸಾಲಿಯಿಂದ ಬರೋತನಕ ಮನ್ಯಾಗ ಒಂದು ಸಪ್ಪಳಿಲ್ಲ. ಕೇಳಿದ್ರ ಇಬ್ರೂ 'ಏನಿಲ್ಲ' ಅಂತಾರ."

"ಮುನಿಸೇನಕ್ಕಾ?"

"ಮುನಿಸಿದ್ರ ಚಿಂತಿ ಇರ್ಲಿಲ್ಲ. ನನಗ ಅನಸ್ತದ, ಊರಾಗ ಕೆಲಸದ ಗದ್ದಲದಾಗ ನಡದುಹೋಗಿತ್ತು. ಇಲ್ಲಿ ಇಬ್ರೇ ಕುಂತಮ್ಯಾಲೆ ಒಬ್ರಿಗೊಬ್ರು ಬ್ಯಾಡಾಗ್ಯಾರ. ನಾ ಕರಕೊಂಡು ಬಂದದ್ದೇ ತಪ್ಪಾತೇನೋ."

ರಜೆ ಮುಗಿದ ಕೂಡಲೇ ಮನೆ ಬಿಡುವುದಾಗಿ ಮಾಲೀಕರಿಗೆ ಹೇಳಿಬಿಡುತ್ತೇನೆ ಅಂದಳು. ಅವ್ವ ಅಪ್ಪ ಊರಿಗೆ, ತಾನು ಹಾಸ್ಟೆಲ್ಲಿಗೆ. ಬೋರ್ಡಿನ ಬಗ್ಗೆ ಏನೂ ಹೇಳಲಿಲ್ಲ. "ನೀ ಒಂದು ದಿನ ಬಂದು ನಗಸಿ ಹೋಗು," ಅಂದಳು. ನನ್ನ ಕಲೆಯ ಮೇಲೆ ಅಷ್ಟು ಭಾರ ಹಿಂದೆ ಯಾರೂ ಹೇರಿರಲಿಲ್ಲ.

ಭಾನುವಾರ ಮಧ್ಯಾಹ್ನ ಹೋದೆ. ಹೆಡ್‌ಮಾಸ್ತರ ಮಾಡಿದೆ, ಟಂಟಂ ಮಾಡಿದೆ. ದೊಡ್ಡವ್ವ ನಕ್ಕಳು, ಅಡುಗೆಮನೆಯ ಕಡೆ ಮುಖ ಮಾಡಿ. ದೊಡ್ಡಪ್ಪ ನಕ್ಕ, ಬೀದಿಯ ಕಡೆ ಮುಖ ಮಾಡಿ. ನನ್ನ ಸರಕು ಮುಗಿಯಿತು. ಸೋತು ಟಿವಿಯಲ್ಲಿ ಇಂಟರ್‌ನೆಟ್ ಹಚ್ಚಿದೆ. ಈ ಕೌಬಾಯ್ ಸಿನಿಮಾ ಬಂತು, ಇಂಗ್ಲಿಷಿನಲ್ಲಿ. "ಏನಂತಾರ ಹೇಳಲೇ" ಅಂದಳು ದೊಡ್ಡವ್ವ. ಸರಿ, ನಿಂತ ನಿಲುವಿನಲ್ಲೇ ಡಬ್ಬಿಂಗ್ ಶುರು ಮಾಡಿದೆ, ಇಬ್ಬರದೂ ನಾನೇ.

"ಇಂವ ಯಾರು?"

"ದನಾ ಕಾಯಂವ, ದೊಡ್ಡವ್ವ."

"ದನಾ ಕಾಯಂವಾ? ಬೂಟಿಗೆ ಒಂದು ಚೂರು ಸಗಣಿ ಇಲ್ಲ! ದನ ಎಲ್ಯವ?"

"ಹಿಂದದಾವ, ಕಾಣವಲ್ವು."

"ಹಿಂದಿನವು ಕಾಯೋದು ಬಿಟ್ಟು ಮುಂದಿನ ಹುಡುಗಿ ಕಾಯಾಕತ್ತಾನೇನು?"

ಏಣಿಯಿಂದ ಹುಡುಗಿ ಜಾರಿದಾಗ ರೇಣುಕಕ್ಕ ಮೊದಲ ಸಲ ನಕ್ಕಳು. ದೊಡ್ಡವ್ವ ನಗಲಿಲ್ಲ. "ಖರೇ ಅನಸವಲ್ದು ನೋಡು," ಅಂದಳು. "ಬಂದಾಗಿಂದ ಇಬ್ರೂ ಮುಖಾ ಮುಖಾ ನೋಡ್ಕೋಂತ ಮಾತಾಡಾಕತ್ತಾರ, ಕೋರ್ಟಿನಾಗ ವಕೀಲರಂಗ. ಒಬ್ರಿಗೊಬ್ರು ಬೇಕಾದವರು ಹಂಗ ಮಾತಾಡ್ತಾರೇನು? ಅಕಿ ಉಂಡಾಳೋ ಇಲ್ಲೋ, ಇಂವ ಒಮ್ಮಿನೂ ಕೇಳ್ಲಿಲ್ಲ."

ಹೊಸ್ತಿಲ ಮೇಲೆ ಕೂತ ದೊಡ್ಡಪ್ಪ ಟಿವಿಗೆ ಬೆನ್ನು ಕೊಟ್ಟಿದ್ದ. ಆದರೆ ಅವನ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ಆಗ ಆ ದೃಶ್ಯ ಬಂತು. ಮರುದಿನ ಹುಡುಗಿ ಹೊರಡುವವಳು. ಕೌಬಾಯ್ ಒಬ್ಬನೇ ಲಾಯಕ್ಕೆ ಹೋಗಿ ಕುದುರೆಯ ಮೈ ತಿಕ್ಕುತ್ತಾ ಏನೋ ಗೊಣಗುತ್ತಾನೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಾಳೆ. ನನ್ನ ನಾಲಿಗೆ ನಿಮಗೆ ಗೊತ್ತಾಯಿತಲ್ಲ, ಸುಮ್ಮನಿರುವುದಲ್ಲ. ದೊಡ್ಡಪ್ಪನನ್ನು ಕೆಣಕೋಣವೆಂದು ಅವನದೇ ದನಿ ತೆಗೆದೆ, ಆ ಗೊಗ್ಗರು, ಆ ನಡುವಿನ ಕೆಮ್ಮು, ಎಲ್ಲ ಸಹಿತ:

"ಚಂದ್ರೀ, ಅಕಿ ಊರಿಗೆ ಹೊಂಟಾಳಂತ. ಇರು ಅಂತ ಹೇಳಬೇಕಂದ್ರ ಬಾಯಿ ಬರವಲ್ದು. ನೀನರ ಹೇಳು."

ಬೆನ್ನ ಮೇಲೆ ಏಟು ಬೀಳುತ್ತದೆಂದು ನಾನು ಸರಿದು ಕೂತೆ.

ದೊಡ್ಡವ್ವ ಟಿವಿಯ ಕುದುರೆಯನ್ನು ನೋಡುತ್ತಾ, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಅಂದಳು: "ಹೇಳಂಗಿದ್ರ ಅಕಿ ಯಾಕ ಹೋಗ್ತಾಳ, ಕೇಳು ಅವ್ರಿಗೆ."

ಹೊಸ್ತಿಲಿನಿಂದ ನಿಜವಾದ ಗೊಗ್ಗರು ದನಿ ಬಂತು: "ಹೇಳಾಕ ಇಲ್ಲಿ ಯಾರದಾರ? ಚಂದ್ರಿನ್ನ ಊರಾಗ ಬಿಟ್ಟು ಬಂದೀವಲ್ಲ."

ರೇಣುಕಕ್ಕ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ಗಣಿತದ ಟೀಚರು, ಎಲ್ಲರನ್ನೂ ಗಮನಿಸಿ ಅನುಕರಿಸುವ ಕಲಾವಿದ, ಇಬ್ಬರ ತಲೆಗೂ ಇಷ್ಟು ದಿನ ಇದು ಹೊಳೆದಿರಲಿಲ್ಲ.

"ಯಪ್ಪಾ, ನನ್ನ ಮುಂದ ಹೇಳಬಾರದೇನು?" ಅಂದಳು ಅಕ್ಕ.

"ನಿನ್ನ ಮುಂದ ಹೇಳಿದ್ರ ನೀನೇ ಜವಾಬು ಕೊಡ್ತೀಯವ್ವಾ. ಅಕಿತನಕ ಮುಟ್ಟಂಗಿಲ್ಲ," ಅಂದ ದೊಡ್ಡಪ್ಪ, ಮತ್ತು ಇಡೀ ಮೈ ತಿರುಗಿಸಿ ಟಿವಿಗೆ ಎದುರಾಗಿ ಕೂತ. "ಏ ಕುದ್ರಿ, ಕೇಳು ಅಕಿಗೆ, ಮೆಟ್ಟಲ ಹತ್ತಿ ಇಳದು ಮೊಳಕಾಲು ನೋಯಾಕತ್ತಾವೇನು?"

"ನೋಯಾಕತ್ತಾವ. ನೋಡಿದವ್ರು ಇಷ್ಟು ದಿನ ಯಾಕ ಸುಮ್ಕಿದ್ರಂತ ಕೇಳು."

"ಎಣ್ಣಿ ತಂದಿಟ್ಟೀನಿ, ದೇವರ ಪಟದ ಹಿಂದ. ಕೊಡಾಕ ಹಾದಿ ಇರ್ಲಿಲ್ಲ."

ಆಮೇಲೆ ಸಿನಿಮಾದವರು ಏನು ಮಾತಾಡಿದರೋ ನಮಗೆ ಗೊತ್ತಿಲ್ಲ. ಹುಡುಗಿ ಓಡಿದಳು, ಅವನು ಅಪ್ಪಿಕೊಂಡ, ಹಿಮ ಸುರಿಯಿತು. ನಾನು ಡಬ್ಬಿಂಗ್ ಬಿಟ್ಟಿದ್ದೆ. ನಲ್ಲಿಯ ನೀರು ರುಚಿಯಿಲ್ಲ, ಮಗಳು ರೊಟ್ಟಿ ಅರ್ಧಕ್ಕೇ ಬಿಡುತ್ತಾಳೆ, ಕೆಳಗಿನ ಮನೆಯವರು ಒಳ್ಳೆಯವರು, ಊರಲ್ಲಿರುವ ತಮ್ಮನು ಚಂದ್ರಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕುತ್ತಾನೋ ಇಲ್ಲವೋ. ತುಂಬಿದ ಕೊಡ ಬಗ್ಗಿಸಿದಂತೆ ಇಬ್ಬರೂ ಮಾತು ಸುರಿದರು. ಕುದುರೆ ಪರದೆಯಿಂದ ಹೋಗುವ ಮುಂಚೆ ಮುಗಿಸಬೇಕೆಂಬ ಅವಸರ ಬೇರೆ. ಅದು ಹೋದಾಗ ಅಕ್ಕ ರಿಮೋಟು ಒತ್ತಿ ಹಿಂದಕ್ಕೆ ತಂದಳು. ಮತ್ತೆ ತಂದಳು. ಆ ಕೌಬಾಯ್ ಆ ಮಧ್ಯಾಹ್ನ ತಿಕ್ಕಿದಷ್ಟು ಯಾವ ಕುದುರೆಯ ಮೈಯನ್ನೂ ಯಾರೂ ತಿಕ್ಕಿರಲಾರರು.

ಕೊನೆಗೆ ದೊಡ್ಡವ್ವ ತೀರ್ಪು ಕೊಟ್ಟಳು. "ಈಗ ಖರೇ ಅನಸ್ತು ನೋಡು ಇವರ ಜೋಡಿ. ಮೂಕಪ್ರಾಣಿ ಮುಂದ ಯಾರೂ ಸುಳ್ಳ ಹೇಳಂಗಿಲ್ಲ."

ಅಕ್ಕ ಮನೆ ಬಿಡಲಿಲ್ಲ. ಬೋರ್ಡನ್ನು ಒಮ್ಮೆ ಒರೆಸಿದಳು, ಅಷ್ಟೇ. ಆದರೆ ದಿನಾ ಕುದುರೆ ಎಲ್ಲಿಂದ ತರುವುದು? ಅಕ್ಕ ತನ್ನ ಸ್ಕೂಟಿ ಸೂಚಿಸಿದಳು. ಕಿವಿ ಇಲ್ಲ ಅಂತ ದೊಡ್ಡಪ್ಪ ಒಪ್ಪಲಿಲ್ಲ. ಕಿವಿಯೂ ಇರಬೇಕು, ನಡುವೆ ಬಾಯಿ ಹಾಕಲೂಬಾರದು. ಬಹಳ ವಿಚಾರ ನಡೆದು ಆ ಹುದ್ದೆ ನನ್ನ ಪಾಲಿಗೆ ಬಂತು. ಸಂಜೆ ಅಕ್ಕನ ಫೋನಿನಿಂದ ಕರೆ ಬರುತ್ತದೆ. ನಾನು ಎತ್ತಬೇಕು, ಸುಮ್ಮನಿರಬೇಕು. ಊರವರ ದನಿಯೆಲ್ಲ ಮಾಡಬಲ್ಲ ಕಲಾವಿದನಿಗೆ ಮಾತೇ ಇಲ್ಲದ ಪಾತ್ರ. ಸಭೆ ಎದ್ದು ಹೋಗದ ನನ್ನ ಏಕೈಕ ಪಾತ್ರವೂ ಅದೇ. ಮದುವೆಮನೆಯ ಮೈಕಿನಲ್ಲಿ ನನ್ನ ಪರಿಚಯ ಮಾಡುವವರು ಏನೇನೋ ಬಿರುದು ಹೇಳುತ್ತಾರೆ. ಇದನ್ನು ಹೇಳುವುದಿಲ್ಲ, ಅವರಿಗೆ ಗೊತ್ತಿಲ್ಲ.

ನಿನ್ನೆ ಆ ಎರಡನೇ ಭಾಗ ಹಚ್ಚಲೋ ಬೇಡವೋ ಅಂತ ನೋಡುತ್ತಿದ್ದಾಗಲೇ ಫೋನು ಬಡಿದುಕೊಂಡಿತು. ಟೋಪಿಯವನೂ ಸ್ವೆಟರಿನವಳೂ ಮಾಯವಾದರು.

"ಲೇ, ಉಂಡೀಯೇನು?" ದೊಡ್ಡಪ್ಪ.

"ಹೂಂ, ಈಗ ಮಿರ್ಚಿ..."

"ಆತು, ಸುಮ್ಕಿರು. ಕೇಳು ಅಕಿಗೆ, ಮೊಳಕಾಲಿಗೆ ಎಣ್ಣಿ ಹಚ್ಚಿಕೊಂಡಾಳೇನು?"

ಪಕ್ಕದಿಂದಲೇ, ಬಹುಶಃ ಕೈಗೆಟಕುವಷ್ಟು ಹತ್ತಿರದಿಂದ, ದೊಡ್ಡವ್ವನ ದನಿ ಬಂತು: "ಈಗ ಹಚ್ಚಿದವ್ರೇ ಕೇಳಾಕತ್ತಾರಲ್ಲ, ಇಷ್ಟರಾಗ ಮರತ್ರೇನಂತ ಕೇಳು."

ಫೋನಿನಲ್ಲಿ ಅವರಿಗೆ ಕಾಣುವುದಿಲ್ಲವೆಂದು ಗೊತ್ತು. ಆದರೂ ನಾನು ಮಿರ್ಚಿ ಅಗಿಯುತ್ತಾ, ಬಾಯಿ ಮುಚ್ಚಿಕೊಂಡು, ಕಿವಿ ಅಲ್ಲಾಡಿಸಿದೆ.