ಸುದ್ದಿ ಮುಟ್ಟಿತು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ರಬ್ಬರು ಸುಟ್ಟ ವಾಸನೆ ಬಂತು. ಗ್ಯಾಸಿನ ಪೈಪೇ ಹತ್ತಿಕೊಂಡಿತೋ ಏನೋ ಎಂದು ಓಡಿದೆ. ಹೋಗಿ ನೋಡಿದರೆ ಅಂಥದ್ದೇನೂ ಇಲ್ಲ, ಒಲೆಯಿಂದ ಇಳಿಸಿದ ಚಹಾದ ಪಾತ್ರೆಯನ್ನು ನಾನೇ ಮೌಸ್ ಪ್ಯಾಡಿನ ಮೇಲೆ ಇಟ್ಟಿದ್ದೆ. ಅಡುಗೆಮನೆಯಲ್ಲಿ ಮೌಸ್ ಪ್ಯಾಡಿಗೆ ಎಂತ ಕೆಲಸ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಪಕ್ಕದ ಮನೆಯ ಶ್ರೀಪಾದ ಒಂದು ದೀಪಾವಳಿಗೆ ತನ್ನ ಕಂಪನಿಯ ಹೆಸರು ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದು ಅದು. ಶಿರಸಿಯಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಹೆಚ್ಚಿನವರು ಬಿಸಿ ಪಾತ್ರೆ ಇಡಲಿಕ್ಕೇ ಬಳಸಿದ್ದಾರೆ. ನಾನು ಆ ಕಂಪನಿಯಲ್ಲೇ ಕೆಲಸ ಮಾಡುವವಳು, ನಾನೂ ಅದನ್ನೇ ಮಾಡಿದೆ.

ಕಂಪನಿ ಅಂದರೆ ದೊಡ್ಡದೇನಲ್ಲ. ಬಟ್ಟೆ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಗೋಡೆಗೆ ಆನಿಸಿ ಇಟ್ಟ ಕಂಪ್ಯೂಟರುಗಳು, ಕರೆಂಟು ಹೋದಾಗೆಲ್ಲ ಕುಂಯ್ ಎನ್ನುವ ಒಂದು ಯುಪಿಎಸ್. ಅದಕ್ಕೂ ಮೊದಲು ನಾನು ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುತ್ತಿದ್ದೆ. ಮದುವೆ ಕರೆಯೋಲೆ, ಉಪನಯನದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಇಷ್ಟೇ ನನ್ನ ಸಾಹಿತ್ಯ. ಪ್ರೆಸ್ಸು ಬಾಗಿಲು ಹಾಕಿತು. ಶ್ರೀಪಾದ ಬಂದು, ಚಿಕ್ಕಿ, ವೆಬ್‌ಸೈಟಿಗೆ ಕನ್ನಡ ಬರೆಯಲು ಜನ ಬೇಕು, ನೀನು ಬಾ ಎಂದ. ನಾನು ಅವನ ಚಿಕ್ಕಿಯೇನೂ ಅಲ್ಲ, ಅವನ ತಾಯಿ ಇದ್ದಾಗ ನಮ್ಮಿಬ್ಬರಿಗೆ ಬೇಲಿಯ ಆಚೀಚೆ ನಿಂತು ಮಾತಾಡುವ ಚಟವಿತ್ತು, ಆ ಲೆಕ್ಕದಲ್ಲಿ ಚಿಕ್ಕಿ. ವೆಬ್‌ಸೈಟು ಎಂದರೆ ಏನೆಂದು ಗೊತ್ತಿಲ್ಲದೆಯೇ ಹೂಂ ಅಂದೆ. ಗೊತ್ತಿಲ್ಲದ್ದಕ್ಕೆ ಹೂಂ ಅನ್ನುವುದು ನನ್ನ ಹಳೆಯ ಅಭ್ಯಾಸ.

ಹೋಮ್‌ಸ್ಟೇಗಳಿಗೆ, ಅಂಗಡಿಗಳಿಗೆ ಸೈಟು ಮಾಡಿಕೊಟ್ಟು ಹೊಟ್ಟೆ ಹೊರೆಯುವುದು, ಉಳಿದ ಹೊತ್ತಿನಲ್ಲಿ ಊರಿಗೆ ಬಿಟ್ಟಿ ಕೆಲಸ ಮಾಡುವುದು, ಇದು ಶ್ರೀಪಾದನ ಕ್ರಮ. ರಕ್ತ ಕೊಡುವವರ ಹೆಸರುಗಳ ಪುಟ ಮಾಡಿದ. ಸಿದ್ದಾಪುರದ ಕಡೆ ಎಲ್ಲಿ ತಾಳಮದ್ದಲೆ, ಸೋಂದೆಯಲ್ಲಿ ಯಾರ ಪ್ರವಚನ ಎಂದು ಹಾಕಿದ. ಕಳೆದುಹೋದ ದನಗಳಿಗೂ ಒಂದು ಪುಟವಿತ್ತು. ದನ ತಾನಾಗಿ ಮನೆಗೆ ಬಂದು ಕರು ಹಾಕಿದ ಮೇಲೂ ಮಾಲೀಕರು ನಮಗೆ ಹೇಳುತ್ತಿರಲಿಲ್ಲ, ಅದು ನಮ್ಮ ಪುಟದಲ್ಲಿ ಕಳೆದೇ ಇರುತ್ತಿತ್ತು. ಬನವಾಸಿಯ ಅನಾನಸ್ ಬೆಳೆಗಾರರೊಬ್ಬರು ತಮ್ಮ ಸೈಟನ್ನು ಕಣ್ಣಗಲಿಸಿ ನೋಡಿ, ಎಲ್ಲಾ ಚಂದ ಐತ್ರಿ, ವಾಸನಿ ಯಾವಾಗ ಹಾಕ್ತೀರಿ ಎಂದು ಕೇಳಿದ್ದರು. ನಾವು ಅವತ್ತೆಲ್ಲ ನಕ್ಕೆವು. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಶ್ರೀಪಾದನ ಅಪ್ಪಯ್ಯನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವರು ಬಸ್ ಕಂಡಕ್ಟರ್ ಆಗಿದ್ದವರು, ಶಿರಸಿ-ಯಲ್ಲಾಪುರದ ದಾರಿಯಲ್ಲೇ ಅವರ ಸರ್ವೀಸು ಮುಗಿಯಿತು. ಫೋನು ಅಪರೂಪವಾಗಿದ್ದ ಆ ಕಾಲದಲ್ಲಿ ಸಾವಿನ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಇಂಥ ಸ್ಟಾಪಿನ ಇಂಥ ಮನೆಗೆ ಒಂದು ಮಾತು ಹೇಳಿಬಿಡಿ ಎಂದು ಯಾರೋ ಕಿಟಕಿಯಲ್ಲಿ ಹೇಳಿ ಹೋಗುತ್ತಿದ್ದರು. ಇವರು ಬಸ್ಸು ನಿಲ್ಲಿಸಿ ಇಳಿದು, ಆ ಮನೆಯ ಅಂಗಳದಲ್ಲಿ ನಿಂತು ಹೇಳಬೇಕು. ಜಗಲಿ ಹತ್ತುವಂತಿಲ್ಲ, ಕೂರುವಂತಿಲ್ಲ, ನೀರು ಕೊಟ್ಟರೂ ಕುಡಿಯುವಂತಿಲ್ಲ. ನಮ್ಮ ಕಡೆ ಸುದ್ದಿ ಹೇಳಲು ಹೋದವರ ರೀತಿ ಅದು. ಮನೆಯೊಳಗಿಂದ ಅಳು ಕೇಳಿದ ಮೇಲೆಯೇ ಅವರು ತಿರುಗಿ ಬಂದು ಸೀಟಿ ಊದುತ್ತಿದ್ದರು. ಅಲ್ಲಿಯವರೆಗೆ ಬಸ್ಸಿನಲ್ಲಿದ್ದವರು ಒಬ್ಬರೂ ಪಿಟ್ಟೆನ್ನುತ್ತಿರಲಿಲ್ಲವಂತೆ. ಹೇಳುವುದು ದೊಡ್ಡದಲ್ಲ, ಕೇಳಿಸಿಕೊಂಡರೋ ಇಲ್ಲವೋ ನೋಡಿಕೊಂಡು ಬರಬೇಕು ಎಂದು ಅವರು ನನ್ನ ಹತ್ತಿರವೇ ಎಷ್ಟು ಸಲ ಹೇಳಿದ್ದರೋ.

ಇಂಥ ಅಪ್ಪನ ಮಗ ಊರಿಗೊಂದು ಸೈಟು ಮಾಡಿದ ಮೇಲೆ ಅದರಲ್ಲಿ ನಿಧನವಾರ್ತೆ ಇಲ್ಲದಿರುತ್ತದೆಯೇ? ಯಾರು ಹೋದರು, ಯಾವಾಗ, ಎಲ್ಲಿ, ಯಾರ ಯಾರನ್ನು ಬಿಟ್ಟು ಹೋದರು, ಎಲ್ಲವನ್ನೂ ಪುಕ್ಕಟೆಯಾಗಿ ಹಾಕುತ್ತಿದ್ದೆವು. ಬರೆಯುವ ಕೆಲಸ ನನ್ನದು. ಬದುಕಿದ್ದಾಗ ಊರಿನವರಿಗೆಲ್ಲ ಕಾಟ ಕೊಟ್ಟವರನ್ನೂ 'ಸರಳ ಸಜ್ಜನ' ಎಂದು ಬರೆದಿದ್ದೇನೆ, ದೇವರು ಕ್ಷಮಿಸಲಿ. ಸೂತಕ ಹಿಡಿಯಬೇಕಾದ ದಾಯಾದಿಗಳು ಎಲ್ಲೆಲ್ಲೋ ಇರುತ್ತಾರಲ್ಲ, ಅವರಿಗೆಲ್ಲ ಈ ಪುಟ ಬಹಳ ಅನುಕೂಲವಾಯಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಅದನ್ನು ನೋಡುವವರಿದ್ದರು.

ಆಮೇಲೆ ಶ್ರೀಪಾದ ಅದಕ್ಕೆ ಒಂದು ಬಟನ್ ಸೇರಿಸಿದ. ವಾರ್ತೆಯ ಕೆಳಗೆ 'ಸುದ್ದಿ ಮುಟ್ಟಿತು' ಎಂದಿರುತ್ತಿತ್ತು. ಓದಿದವರು ಅದನ್ನು ಒತ್ತಿದರೆ ಅವರ ಹೆಸರು ಅಲ್ಲಿ ಕಾಣುತ್ತಿತ್ತು. ಅಳು ಕೇಳಿದ ಮೇಲೆ ಸೀಟಿ ಊದುತ್ತಿದ್ದ ಅಪ್ಪಯ್ಯನನ್ನು ನೋಡಿ ಬೆಳೆದವನಿಗೆ ಹೊಳೆಯಬಹುದಾದ ಬಟನ್ನೇ ಅದು. ಅಪ್ಪಯ್ಯನಿಗೂ ಅದು ಬಲು ಮೆಚ್ಚುಗೆಯಾಯಿತು. ಆರಾಮಕುರ್ಚಿಯಲ್ಲಿ ಕೂತು, ಗುರುತಿಲ್ಲದವರ ಸಾವಿಗೂ ಬಟನ್ ಒತ್ತುತ್ತಿದ್ದರು.

ಕಳೆದ ವರ್ಷ ಇದೇ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬೆಳಗಿನ ಜಾವ ಎದೆ ನೋವು ಎಂದವರು, ಆಸ್ಪತ್ರೆಗೆ ಹೊರಡಿಸುವಷ್ಟರಲ್ಲಿ ಮುಗಿದೇ ಹೋಯಿತು. ಆ ದಿನದ ವಾರ್ತೆಯನ್ನು ಶ್ರೀಪಾದ ನನ್ನ ಕೈಯಲ್ಲಿ ಬರೆಸಲಿಲ್ಲ, ತಾನೇ ಬರೆದ. ಶ್ರೀಪಾದನಿಗೆ ಒಬ್ಬಳೇ ಅಕ್ಕ, ಸುಮನ. ಯಲ್ಲಾಪುರದ ದಾರಿಯ ಮಂಚಿಕೇರಿಯಿಂದ ಒಳಗೆ ಅವಳ ಮನೆ. ಅಲ್ಲಿ ಗುಡ್ಡ ಹತ್ತಿದರೆ ಫೋನಿಗೆ ಸಿಗ್ನಲ್, ಇಳಿದರೆ ಇಲ್ಲ. ಅವನು ಅವಳಿಗೂ ಭಾವ ಗಣಪತಿಗೂ ಮತ್ತೆ ಮತ್ತೆ ಫೋನ್ ಮಾಡಿದ, ಎರಡೂ ಹತ್ತಲಿಲ್ಲ. ಯಾರನ್ನಾದರೂ ಕಾರಿನಲ್ಲಿ ಕಳಿಸೋಣ ಎಂಬ ಮಾತು ಬಂತು. ಅಷ್ಟರಲ್ಲಿ ಯಾರೋ ಸೈಟು ತೆರೆದು ನೋಡಿ, ಗಣಪತಿಯ ಹೆಸರು ಬಂದಿದೆ, ಸುದ್ದಿ ಮುಟ್ಟಿದೆ ಎಂದರು. ನಾವೆಲ್ಲ ಬಗ್ಗಿ ನೋಡಿದೆವು. ಹೌದು, ಹೆಸರಿತ್ತು. ಕಳಿಸುವ ಮಾತು ಅಲ್ಲಿಗೇ ನಿಂತಿತು.

ಗಂಡ ಹೆಂಡತಿ ಹೊರಟಿರುತ್ತಾರೆ, ದಾರಿಯಲ್ಲಿರುತ್ತಾರೆ ಎಂದು ಕಾದೆವು. ಶ್ರೀಪಾದನ ಫೋನು ಯಾರದೋ ಕೈಯಲ್ಲಿತ್ತು, ಬಂದ ಕರೆಗೆಲ್ಲ ಅವರು 'ಹೌದು, ಇವತ್ತೇ, ಬನ್ನಿ' ಎಂದು ಉತ್ತರ ಕೊಡುತ್ತಿದ್ದರು. ಬಿಸಿಲು ಇಳಿಯಿತು. ಹಿರಿಯರು ಸೂರ್ಯನನ್ನು ನೋಡತೊಡಗಿದರು. ಹೆಣ ಮನೆಯಲ್ಲಿಟ್ಟುಕೊಂಡು ರಾತ್ರಿ ಮಾಡುವುದು ಬೇಡ, ಬಸ್ಸು ತಪ್ಪಿರಬೇಕು, ಬೆಂಕಿ ಕೊಡಲು ಮಗ ಇದ್ದಾನಲ್ಲ ಎಂದರು. ಶ್ರೀಪಾದ ಗೇಟಿನ ಕಡೆ ನೋಡುತ್ತ ನೋಡುತ್ತಲೇ ಎದ್ದ.

ಎಲ್ಲ ಮುಗಿದು, ಮನೆಯವರು ತಲೆಯ ಮೇಲೆ ನೀರು ಹೊಯ್ದುಕೊಂಡು ಕೂತಿದ್ದ ಮುಸ್ಸಂಜೆಯಲ್ಲಿ ಗಣಪತಿ ಬಂದ. ಒಬ್ಬನೇ ಬಂದ. ಕೈಯಲ್ಲೊಂದು ಚೀಲ. ಅಂಗಳದಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದ.

"ಸುಮ ಎಲ್ಲಿದ್ದು?" ಎಂದ.

ಶ್ರೀಪಾದನಿಗೆ ಅರ್ಥವಾಗಲಿಲ್ಲ. "ನಿನ್ನ ಸಂಗಡ ಬೈಂದಿಲ್ಯ ಭಾವ?"

"ಹುಬ್ಬಳ್ಳಿಂದ ಸೀದಾ ಬಂದಿದ್ದು ಆನು. ಮನೆಗೆ ಹೇಳಲೆ ಹೋದವು ಯಾರು?"

ಯಾರೂ ಹೋಗಿರಲಿಲ್ಲ. ಅವನು ಕಾಳುಮೆಣಸು ಮಾರಲು ಹುಬ್ಬಳ್ಳಿಗೆ ಹೋಗಿದ್ದ, ನಾವು ಫೋನ್ ಮಾಡಿದಾಗ ಕಾಡುದಾರಿಯ ಬಸ್ಸಿನಲ್ಲಿದ್ದ. ಅಲ್ಲಿ ಇಳಿದು ಸೈಟಿನಲ್ಲಿ ನೋಡಿ ಬಟನ್ ಒತ್ತಿದ್ದ, ಶ್ರೀಪಾದನ ಫೋನಿಗೆ ಮಾಡಿ 'ಬನ್ನಿ' ಎಂಬ ಉತ್ತರವನ್ನೂ ಕೇಳಿದ್ದ. ಮಗಳ ಮನೆಗೆ ಬಾಯಿಮಾತಿನಲ್ಲಿ ಹೇಳಲು ಒಬ್ಬ ಮನುಷ್ಯ ಹೋಗಿಯೇ ಹೋಗಿರುತ್ತಾನೆ, ಅದು ತಪ್ಪುವುದುಂಟೇ ಎಂದುಕೊಂಡು ಹುಬ್ಬಳ್ಳಿಯಿಂದ ಶಿರಸಿಯ ಬಸ್ಸು ಹತ್ತಿದ್ದ. ಅವನು ನಂಬಿದ್ದು ಹಳೆಯ ರೀತಿಯನ್ನು, ನಾವು ನಂಬಿದ್ದು ಬಟನ್ನನ್ನು. ಯಾರನ್ನು ಬೈಯಬೇಕು ಹೇಳಿ. ದಾರಿಯುದ್ದಕ್ಕೂ ಊರವರ ಸಾವನ್ನೆಲ್ಲ ಮನೆ ಮನೆಗೆ ಮುಟ್ಟಿಸಿದ ಮನುಷ್ಯನ ಸಾವು ಅದೇ ದಾರಿಯಲ್ಲಿದ್ದ ಅವರ ಮಗಳಿಗೆ ಮುಟ್ಟಲಿಲ್ಲ. ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಗಣಪತಿ ಕೂಡಲೇ ಒಂದು ಕಾರು ಹಿಡಿದು ಮನೆಗೆ ಹೋದ. ಆಮೇಲೆ ಅವನೇ ಹೇಳಿದ್ದು: ಬಾಯಿ ಬಿಡಲು ಅವನಿಂದ ಆಗಲಿಲ್ಲವಂತೆ. ಹೋದವನೇ ಬಾವಿಕಟ್ಟೆಗೆ ಹೋಗಿ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಕೊಡಪಾನ ಮಗುಚಿಕೊಂಡನಂತೆ. ಸೂತಕದ ಆ ಸ್ನಾನ ನೋಡಿ ಸುಮನ ತಿಳಿದುಕೊಂಡಳು. ಯಾರು ಎಂದು ಕೇಳಲೂ ಇಲ್ಲ.

ಅವಳು ತವರಿಗೆ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ, ಹದಿಮೂರಕ್ಕೂ ಬರಲಿಲ್ಲ. ಶ್ರೀಪಾದ ಆ ಬಟನ್ ತೆಗೆದುಹಾಕಿದ, ಸ್ವಲ್ಪ ದಿನಕ್ಕೆ ನಿಧನವಾರ್ತೆಯ ಪುಟವನ್ನೇ ಮುಚ್ಚಿದ. ಊರಿನವರಿಗೆ ಸಿಟ್ಟು ಬಂತು. ನಿನ್ನ ಅಪ್ಪಂದು ಹಾಕಿದೆ, ನಮ್ಮ ಅಪ್ಪಂದು ಯಾಕೆ ಹಾಕುವುದಿಲ್ಲ ಎಂದು ಮಹಡಿ ಹತ್ತಿ ಬಂದು ಕೂಗಾಡಿದವರಿದ್ದಾರೆ. ಒಂದೊಂದಾಗಿ ರಕ್ತದ ಪುಟ ಹೋಯಿತು, ತಾಳಮದ್ದಲೆಯ ಪುಟ ಹೋಯಿತು. ಈಗ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತದೆ, ಜನ ಕೈಮುಗಿದ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ನಮ್ಮ ಆಫೀಸು ಹೋಮ್‌ಸ್ಟೇಗಳ ಹಾಸಿಗೆ, ಬಚ್ಚಲುಮನೆಗಳ ಫೋಟೋ ಹಾಕಿಕೊಂಡು ಬದುಕಿದೆ. ಊರಿನ ಉಸಾಬರಿ ಬೇಡ ಚಿಕ್ಕಿ, ಎಂದು ಒಂದು ದಿನ ಅವನು ನನ್ನ ಹತ್ತಿರ ಹೇಳಿದ. ಆ ಮಾತು ಅವನ ಬಾಯಲ್ಲಿ ಕೇಳಿ ನನಗೆ ಬಹಳ ಸಂಕಟವಾಯಿತು.

ವರ್ಷಾಂತಿಕ ಹತ್ತಿರ ಬಂತು. ಅಪ್ಪಯ್ಯನ ವರ್ಷದ ಕಾರ್ಯಕ್ಕೆ ಒಬ್ಬಳೇ ಮಗಳು ಬರದಿದ್ದರೆ ಹೇಗೆ? ಈ ಸಲವೂ ತಪ್ಪಿದರೆ ಅಕ್ಕ ತಮ್ಮನ ಬಳಕೆ ಅಲ್ಲಿಗೆ ಕಡಿದಂತೆಯೇ ಎಂದು ಅವನಿಗೆ ಗೊತ್ತಿತ್ತು. ಕರೆಯಲು ಗಣಪತಿಯ ಹತ್ತಿರ ಹೇಳಿ ಕಳಿಸಿದ. ಗಣಪತಿ ಮೊನ್ನೆ ಬಂದು ಅವಳ ಉತ್ತರ ಹೇಳಿದ. ಅವಳು ಸಿಟ್ಟಿನಲ್ಲಿರಲಿಲ್ಲವಂತೆ, ಕೋಕಂ ಎನ್ನುತ್ತಾರಲ್ಲ, ಆ ಮುರುಗಲ ಹಣ್ಣು ಒಡೆಯುತ್ತ ಕೂತಲ್ಲಿಂದಲೇ ಹೇಳಿದಳಂತೆ.

"ಅಪ್ಪಯ್ಯ ಹೋಗಿದ್ದು ಎಂಗೆ ಇನ್ನೂ ಯಾರೂ ಹೇಳಿದ್ವಿಲ್ಲೆ. ಹೇಳದೆ ಇದ್ದಿದ್ದಕ್ಕೆ ವರ್ಷಾಂತಿಕ ಎಂತದ್ದು?"

ಇಷ್ಟೇ. ಶ್ರೀಪಾದ ಎರಡು ದಿನ ಊಟ ಬಿಟ್ಟವನ ಹಾಗೆ ಓಡಾಡಿದ. ನಿನ್ನೆ ಸಂಜೆ ಬೇಲಿಯ ಹತ್ತಿರ ಬಂದು, ಚಿಕ್ಕಿ, ನಾಳೆ ಹೋಗಿ ಹೇಳಿ ಬರುತ್ತೇನೆ, ಒಬ್ಬನೇ ಹೋದರೆ ಅರ್ಧ ದಾರಿಯಿಂದ ತಿರುಗಿ ಬಂದುಬಿಡುತ್ತೇನೆ, ನೀನೂ ಬಾ ಎಂದ.

ಹಾಗೆ ನಾವು ಇವತ್ತು ಹೊರಟದ್ದು. ಮಂಚಿಕೇರಿ ದಾಟಿ ಕೆಮ್ಮಣ್ಣಿನ ರಸ್ತೆಗೆ ಇಳಿದೆವು. ಮನೆಗೆ ಸ್ವಲ್ಪ ದೂರದಲ್ಲೇ ಅವನು ಕಾರು ನಿಲ್ಲಿಸಿದ, ಚಪ್ಪಲಿಯನ್ನೂ ಅಲ್ಲೇ ಬಿಟ್ಟ. ಅಂಗಳದ ತುಂಬ ಮುರುಗಲ ಸಿಪ್ಪೆ ಒಣಗಿಸಿದ್ದರು. ಸುಮನ ಜಗಲಿಯಲ್ಲಿ ಕೂತಿದ್ದಳು, ಹಣ್ಣಿನ ರಸದಿಂದ ಕೈಯೆಲ್ಲ ಕೆಂಪಾಗಿತ್ತು. ತಮ್ಮನನ್ನು ನೋಡಿದಳು. ಬಾ ಎನ್ನಲಿಲ್ಲ. ನನ್ನನ್ನೂ ಕರೆಯಲಿಲ್ಲ. ಸುದ್ದಿ ಹೇಳಲು ಬಂದವರನ್ನು ಯಾರೂ ಬಾ ಎನ್ನುವುದಿಲ್ಲ.

ಶ್ರೀಪಾದ ಅಂಗಳದ ನಡುವೆ ನಿಂತ.

"ಸುಮಕ್ಕಾ, ಅಪ್ಪಯ್ಯ ತೀರಿಕ್ಯಂಡ."

ಅವಳು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು. ಆಗಷ್ಟೇ ಕೇಳಿದವಳ ಹಾಗೆಯೇ ಕೇಳಿದಳು.

"ಯಾವಾಗ?"

"ಬೆಳಗಿನ ಜಾವ."

"ಎನ್ನ ಕೇಳಿದ್ನ?"

"ಕೇಳಿದ. ಸುಮ ಬಂತ ಹೇಳಿ ಕೇಳಿದ."

ಇದನ್ನು ಅವನು ನನಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾನೆ. ಇದು ಅವಳೊಬ್ಬಳಿಗೇ ಸೇರಬೇಕಾದ ಮಾತು, ಬೇರೆ ಯಾರ ಹತ್ತಿರ ಹೇಳಿಯಾನು?

ಸುಮನ ಎದ್ದು ನಿಂತಳು. ಕಂಬ ಹಿಡಿದುಕೊಂಡಳು.

"ಈಗ ಹೊರಟ್ರೆ ಮುಖ ನೋಡಲೆ ಸಿಗ್ತ?"

ನಾನು ತಲೆ ತಗ್ಗಿಸಿದೆ. ಏನಾದರೂ ಸಮಾಧಾನ ಹೇಳಿಬಿಡುತ್ತಾನೆ ಎಂದುಕೊಂಡೆ, ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅವನು ಹೇಳಲಿಲ್ಲ.

"ಇಲ್ಲೆ ಸುಮಕ್ಕಾ. ಸಿಗ್ತಿಲ್ಲೆ."

ಆಗ ಅವಳು ಅತ್ತಳು. ಕೆಂಪು ಕೈಯನ್ನು ಬಾಯಿಗೆ ಒತ್ತಿಕೊಂಡು, ಜಗಲಿಯ ಮೇಲೆ ಕುಸಿದು ಅತ್ತಳು. ಗಣಪತಿ ಒಳಗಿಂದ ಬಂದು ಬಾಗಿಲಲ್ಲೇ ನಿಂತ. ಶ್ರೀಪಾದ ಜಗಲಿ ಹತ್ತಲಿಲ್ಲ. ಬಿಸಿಲಿನಲ್ಲಿ ನಿಂತೇ ಇದ್ದ, ಅವನ ಮುಖವೂ ಒದ್ದೆಯಾಗಿತ್ತು. ಅಳು ಕೇಳಿದ ಮೇಲೆ ಅವನು ತಿರುಗಿದ, ನಾನೂ ತಿರುಗಿದೆ. ಬಾಯಾರಿಕೆಯಾಗಿತ್ತು, ನೀರು ಕೇಳಲಿಲ್ಲ.

ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು. "ನಿಲ್ಲು, ಆನೂ ಬರ್ತೆ."

ಸುದ್ದಿ ಕೇಳಿದ ಹೆಣ್ಣುಮಗಳು ತವರಿಗೆ ಹೊರಡುವ ಹಾಗೆಯೇ ಅವಳು ಬಂದಳು. ತಲೆ ಬಾಚಿರಲಿಲ್ಲ, ಉಟ್ಟ ಸೀರೆ ಬದಲಿಸಿರಲಿಲ್ಲ, ಕೈಯನ್ನೂ ತೊಳೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿ ಕೂತು ಅಳುತ್ತಲೇ ಇದ್ದಳು. ಶ್ರೀಪಾದ ಆದಷ್ಟು ಬೇಗ ಓಡಿಸಿದ. ಅಲ್ಲಿ ತೋರಿಸಲು ಏನೂ ಇಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು.