ಸರಾಸರಿ ಬ್ರಶ್ಶು

ಗೊತ್ತುವಳಿ ಚಿಕ್ಕಪ್ಪನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಗಿಲು ಹಾಕಿದ ಕಾರ್ಖಾನೆಯ ಎದುರು ಕೂತು, ಲಾಠಿ ತಿಂದು, ಜೈಲಿನ ತಿಗಣೆಗಳಿಗೆ ರಕ್ತದಾನ ಮಾಡಿ ಮುದುಕನಾದ ಮನುಷ್ಯ. ಬೀಡಿ ಬಿಟ್ಟ, ಸಾರಾಯಿ ಬಿಟ್ಟ, ಸಭೆಯ ಚಟ ಮಾತ್ರ ಬಿಡಲಿಲ್ಲ. ಸೀನು ಬಂದರೂ ಪಕ್ಕದವರ ಅಭಿಪ್ರಾಯ ಕೇಳಿಯೇ ಸೀನುತ್ತಾನೆ ಎಂದು ಹೆಂಡತಿ ಬದುಕಿದ್ದಾಗ ಆಡಿಕೊಳ್ಳುತ್ತಿದ್ದಳು.

ಮುಷ್ಕರ ಸೋತಿತು. ಯೂನಿಯನ್ ಮೂರು ಹೋಳಾಯಿತು. ಉಳಿದದ್ದು ಮುಷ್ಕರದ ದಿನಗಳಲ್ಲಿ ಹೂಡಿದ ಕಟ್ಟಿಗೆ ಒಲೆ, ಅದರ ಇಟ್ಟಿಗೆ ಚಿಮಣಿ, ಸುತ್ತ ಎದ್ದ ಕಾರ್ಮಿಕರ ಕ್ಯಾಂಟೀನು. ನಿನ್ನ ಬಾಳಿನ ಗಳಿಕೆ ಏನಪ್ಪಾ ಎಂದು ಯಾರಾದರೂ ಕೇಳಿದರೆ ಚಿಕ್ಕಪ್ಪ ತೋರಿಸಬಹುದಾದದ್ದು ಈ ಒಲೆಯೊಂದನ್ನೇ.

ಅಂಥ ಒಲೆಯ ಮುಂದೆ ನಗರಸಭೆಯ ಇನ್ಸ್‌ಪೆಕ್ಟರ್ ಕುಕ್ಕರಗಾಲಲ್ಲಿ ಕೂತು, ಚಿಮಣಿಯ ಬುಡದಲ್ಲಿ ಮಸಿ ತೆಗೆಯುವ ಕಿಂಡಿಯೊಳಗೆ ಕೈ ಹಾಕಿದ. ಕಪ್ಪಾದ ಬೆರಳನ್ನು ಗೋಡೆಯ ಮೇಲಿನ ಕ್ರಾಂತಿಯ ಪೋಸ್ಟರಿಗೆ ಒರೆಸಿದ.

“ಸೋಮವಾರ ಬರ್ತೀನಿ. ಚಿಮಣಿ ಗುಡಿಸಿರ್ಬೇಕು. ಇಲ್ಲ ಅಂದ್ರೆ ಬೀಗ.”

ಎಲ್ಲರೂ ಅತ್ತೆ ಎಂದೇ ಕರೆಯುವ ಅಡುಗೆಯವಳು ಸೆರಗಲ್ಲಿ ಮುಖ ಒರೆಸಿಕೊಂಡಳು. “ಒಂದು ಬ್ರಶ್ಶು ತಂದು ಉಜ್ಜಿಬಿಡು ಮಾರಾಯ.”

“ಎಂಥ ಬ್ರಶ್ಶು? ಯಾವ ಅಳತೆ? ಸಭೆ ಕರೀಬೇಕು,” ಎಂದ ಚಿಕ್ಕಪ್ಪ.

ಸಭೆ ಸೇರಿತು. ವೆಲ್ಡರು ಉಕ್ಕಿನ ತಂತಿಯ ಬ್ರಶ್ಶು ಎಂದ. ನಿವೃತ್ತ ಮೇಷ್ಟ್ರು ನೈಲಾನ್ ಎಂದರು. ಉಕ್ಕು ದಬ್ಬಾಳಿಕೆಯ ಗುರುತೆಂದು ಒಬ್ಬರು, ನೈಲಾನ್ ಬಂಡವಾಳಶಾಹಿಯ ಕೂಸೆಂದು ಇನ್ನೊಬ್ಬರು ಭಾಷಣ ಬಿಗಿದರು. ಕೊನೆಗೆ, ಇಟ್ಟಿಗೆಗೆ ಅಂಟಿದ ಗಟ್ಟಿ ಮಸಿ ನೈಲಾನಿಗೆ ಜಗ್ಗುವುದಿಲ್ಲವೆಂದು ಉಕ್ಕು ಗೆದ್ದಿತು.

ಅಸಲಿ ಜಗಳ ಅಳತೆಯದು. ವೆಲ್ಡರು ಮಾಡು ಹತ್ತಿ ಚಿಮಣಿಯ ಬಾಯಿ ಅಳೆದಿದ್ದ: ಒಂದೂವರೆ ಗೇಣು. ಮೇಷ್ಟ್ರು ಕೆಳಗಿನ ಕಿಂಡಿಯಲ್ಲಿ ಕೈ ತೂರಿಸಿ ಅಳೆದಿದ್ದರು: ಒಂದೇ ಗೇಣು. ಇಬ್ಬರದೂ ಸರಿ. ಚಿಮಣಿ ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಆದರೆ ಎದ್ದು ಹೋಗಿ ನೋಡುವುದಕ್ಕೆ ಸಭೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

“ನಾನೇನು ಸುಳ್ಳುಗಾರನಾ?” ವೆಲ್ಡರು ತೋಳು ಮೇಲೇರಿಸಿದ.

“ನಾನು ಜೀವಮಾನವಿಡೀ ಲೆಕ್ಕ ಹೇಳ್ಕೊಟ್ಟವನು ಕಣಯ್ಯಾ!”

ಚಿಕ್ಕಪ್ಪ ಎರಡೂ ಕೈ ಎತ್ತಿ ತಣ್ಣಗಾಗಿಸಿದ. “ಯಾರಿಗೂ ಸೋಲು ಬೇಡ. ಎರಡರ ಸರಾಸರಿ ತಗೊಳ್ಳೋಣ. ಒಂದೂ ಕಾಲು ಗೇಣು.” ಚಪ್ಪಾಳೆ ಬಿತ್ತು. ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು.

ಒಲೆಯ ಕಡೆಯಿಂದ ಅತ್ತೆ ಕೂಗಿದಳು: “ಒಬ್ಬ ಬಸುರಿ ಅಂದ, ಇನ್ನೊಬ್ಬ ಅಲ್ಲ ಅಂದ ಅಂತ ಅರ್ಧ ಬಸುರಿ ಅಂತ ಬರ್ಕೊಳ್ತೀರೇನ್ರೋ?”

ಅವಳ ಮಾತು ದಾಖಲಾಗಲಿಲ್ಲ. ಕಾರ್ಮಿಕರ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ, ಹಾಗಾಗಿ ಅವಳಿಗೆ ಮತ ಇರಲಿಲ್ಲ.

ಭಾನುವಾರ ಚಿಕ್ಕಪ್ಪ ತಾನೇ ಮಾಡು ಹತ್ತಿದ. ಬ್ರಶ್ಶಿಗೆ ಸರಳು ತಿರುಗಿಸಿ, ಸರಳಿಗೆ ಸರಳು ಸೇರಿಸಿ ಇಳಿಬಿಟ್ಟ. ಬಾಯಲ್ಲಿ ಸಲೀಸಾಗಿ ಇಳಿಯಿತು. ಕೆಳಗೆ ನಿಂತವರು ಜೈಕಾರ ಹಾಕಿದರು. ಆ ಜೈಕಾರದ ಹುಮ್ಮಸ್ಸಿಗೆ ಚಿಕ್ಕಪ್ಪ ಜೋರಾಗಿ ಒತ್ತಿದ. ಬ್ರಶ್ಶು ಇಕ್ಕಟ್ಟಿಗೆ ಹೋಗಿ ಕಚ್ಚಿಕೊಂಡಿತು. ಉಕ್ಕಿನ ಎಳೆಗಳು ಮೇಲಕ್ಕೆ ಬಾಗಿ ಗೋಡೆಗೆ ನಾಟಿದವು. ಒತ್ತಿದರೆ ಇಳಿಯದು, ಎಳೆದರೆ ಏಳದು. ಅತ್ತಿತ್ತ ತಿರುಚಿ ಜಗ್ಗಿದಾಗ ಸರಳಷ್ಟೇ ಕಳಚಿ ಕೈಗೆ ಬಂತು.

ಹೀಗೆ ಮಸಿಯಿಂದ ಅರ್ಧ ಕಟ್ಟಿಕೊಂಡಿದ್ದ ಚಿಮಣಿ ಪೂರ್ತಿ ಕಟ್ಟಿಕೊಂಡಿತು.

ಕೂಡಲೇ ತುರ್ತು ಸಭೆ. ಮೇಷ್ಟ್ರ ಅಳತೆ ಬೆರೆಸಿದ್ದಕ್ಕೇ ಕೆಟ್ಟಿತು ಎಂದ ವೆಲ್ಡರು. ವೆಲ್ಡರನ ಅಳತೆ ಬೆರೆಸಿದ್ದಕ್ಕೇ ಎಂದರು ಮೇಷ್ಟ್ರು. ತನಿಖೆಗೆ ಉಪಸಮಿತಿ ಬೇಕೆಂದು ಸೂಚನೆ ಬಂತು. ಅಧ್ಯಕ್ಷನ ಕುರ್ಚಿಯಲ್ಲಿದ್ದ ಚಿಕ್ಕಪ್ಪನಿಗೆ ಒಳಗಿನಿಂದ ಪಾತ್ರೆಗಳ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಅತ್ತೆ ತನ್ನ ಸೌಟು, ಚಾಕು, ಹಳೆಯ ಬಾಣಲೆ ಚೀಲಕ್ಕೆ ತುಂಬುತ್ತಿದ್ದಳು.

“ಎಲ್ಲಿಗೆ?”

“ನಾಳೆ ಬೀಗ ಬಿದ್ರೆ ನಿನ್ನ ಗೊತ್ತುವಳಿ ಬೇಯಿಸ್ಕೊಂಡು ತಿನ್ಲಾ?”

ಚಿಕ್ಕಪ್ಪ ಮೂಲೆಯಲ್ಲಿದ್ದ ಉಳಿ ಸುತ್ತಿಗೆ ಎತ್ತಿಕೊಂಡ. ಹೊರಗೆ ಉಪಸಮಿತಿಯ ಸದಸ್ಯರ ಹೆಸರು ಕೂಗುತ್ತಿರುವಾಗಲೇ ಚಿಮಣಿಯ ಕತ್ತಿಗೆ ಮೊದಲ ಏಟು ಹಾಕಿದ. ಜೀವನದಲ್ಲಿ ಯಾರನ್ನೂ ಕೇಳದೆ ಮಾಡಿದ ಮೊದಲ ಕೆಲಸ. ಇಟ್ಟಿಗೆಗಳು ಬಿದ್ದವು, ಮಸಿ ಸುರಿಯಿತು, ಬ್ರಶ್ಶು ಕೈಗೆ ಸಿಕ್ಕಿತು. ತಗಡು ಕತ್ತರಿಯಿಂದ ಅದರ ಸುತ್ತಲ ಎಳೆಗಳನ್ನು ಕತ್ತರಿಸಿ, ಗೇಣಳತೆಗೆ ಇಳಿಸಿ, ಕತ್ತಲಾಗುವವರೆಗೆ ಉಜ್ಜಿದ.

ಸೋಮವಾರ ಇನ್ಸ್‌ಪೆಕ್ಟರ್ ತೂತು ನೋಡಿ ಹೌಹಾರಿದ. “ಯಾರ್ರೀ ಇದನ್ನ ಒಡೆದದ್ದು?”

ಸದಸ್ಯರೆಲ್ಲ ಚಾವಣಿ ನೋಡಿದರು.

“ನಾನೇ. ಯಾರನ್ನೂ ಕೇಳ್ಲಿಲ್ಲ.”

ಇನ್ಸ್‌ಪೆಕ್ಟರ್ ಕಿಂಡಿಯಲ್ಲಿ ಕನ್ನಡಿ ಹಿಡಿದ. ಕನ್ನಡಿಯಲ್ಲಿ ಆಕಾಶ ಕಂಡಿತು. “ಒಳಗೆ ಚೊಕ್ಕಟವಾಗಿದೆ. ತೂತು ಮುಚ್ಚಿ, ಗಾರೆ ಒಣಗಿದ ಮೇಲೆ ಬೆಂಕಿ ಹಾಕಿ. ಬೀಗ ಬೇಡ,” ಎಂದು ಹೊರಟ.

ಅವನು ಗೇಟು ದಾಟುವ ಮೊದಲೇ ಅವಿಶ್ವಾಸ ಗೊತ್ತುವಳಿ ಮಂಡನೆಯಾಯಿತು: ಅಧ್ಯಕ್ಷರು ಅನುಮತಿಯಿಲ್ಲದೆ ಸಂಘದ ಆಸ್ತಿ ಒಡೆದಿದ್ದಾರೆ. ಸದಸ್ಯರೆಲ್ಲ ಗೊತ್ತುವಳಿಯ ಪರ ಕೈ ಎತ್ತಿದರು. ಚಿಕ್ಕಪ್ಪ ತಿರುಗಿಯೂ ನೋಡದೆ ಕರಣೆಯಿಂದ ಗಾರೆ ಬಳಿಯುತ್ತಿದ್ದ.

“ಅಷ್ಟೊಂದು ಕೈ ಖಾಲಿ ಇವೆಯಲ್ಲ, ಒಂದಾದ್ರೂ ಇಳಿಸಿ ಇಟ್ಟಿಗೆ ಕೊಡ್ರಪ್ಪಾ.”

ಎಣಿಕೆ ಮುಗಿಯುವ ಮುಂಚೆ ಕೈ ಇಳಿಸುವುದು ನಿಯಮಬಾಹಿರ ಎಂದರು ಮೇಷ್ಟ್ರು. ಅತ್ತೆ ಹೊರಡಲೆಂದು ಹಿಡಿದಿದ್ದ ಚೀಲ ಕೆಳಗಿಟ್ಟು ಇಟ್ಟಿಗೆ ಕೊಟ್ಟಳು.