ಆಣೆ ಮಾಡದ ಕಾಕಾ

ಮೊನ್ನೆ ಸೊಸೆ ಹೊಸ ಇಳಕಲ್ಲ ಸೀರೆಯ ಮಡಿಕೆ ಬಿಚ್ಚಿದಳು. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಇಳಕಲ್ಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇಕಾರ ಕಾಕಾ ನೆನಪಾದ. ಎಪ್ಪತ್ತರ ದಶಕದ ಕೊನೆ. ನಾನು ಆಗಷ್ಟೇ ಲಗ್ನವಾಗಿ ಆ ಓಣಿಗೆ ಬಂದಿದ್ದೆ...

ಕಾಕಾ ನೇಯ್ದ ಸೆರಗನ್ನು ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಆದರೆ ವಿಪರೀತ ಕುಡಿತ! ಸಾಕುಬೇಕಾಗಿ ಅವನ ಹೆಂಡತಿ ಕಾಕು ಹುನಗುಂದದ ತವರಿಗೆ ಹೋಗಿ ಕೂತಳು. ಆಮೇಲೆ ಕಾಕಾ ಕುಡಿತ ಬಿಟ್ಟ. ಮೊದಮೊದಲು ಕೈ ನಡುಗಿ ಮಗ್ಗದಲ್ಲಿ ಎಳೆ ಹರಿಯುತ್ತಿದ್ದವು, ತನ್ನನ್ನೇ ಬೈದುಕೊಳ್ಳುತ್ತ ಜೋಡಿಸುತ್ತಿದ್ದ. "ಬೆಕ್ಕು ಹಾಲು ಬಿಟ್ಟೈತಂತ!" ಎಂದು ಓಣಿಯವರು ನಗುತ್ತಿದ್ದರು. ನಗಲಿ, ಹಲ್ಲು ಅವರವೇ.

ಐದು ತಿಂಗಳ ಮೇಲೆ ಕಾಕುವಿನ ಅಣ್ಣ ಹೇಳಿಕಳಿಸಿದ: ಬಾದಾಮಿಯ ಬನಶಂಕರಿಗೆ ಬಂದು ತಾಯಿಯ ಮುಂದೆ ಆಣೆ ಮಾಡಿದರೆ ತಂಗಿಯನ್ನು ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ. ಕಾಕಾನ ಜೊತೆ ನನ್ನ ಅತ್ತೆ, ನಾನು ಬಸ್ಸು ಹತ್ತಿದೆವು. ಕಾಕು ತನ್ನ ಗಂಟು ಹಿಡಿದುಕೊಂಡೇ ಗುಡಿಯ ಮುಂದೆ ನಿಂತಿದ್ದಳು.

"ಇನ್ನ ಜನ್ಮದಾಗ ಮುಟ್ಟಂಗಿಲ್ಲಂತ ಆಣಿ ಮಾಡ್ರಿ," ಎಂದ ಅಣ್ಣ.

"ಮಾಡಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಅಯ್ಯೋ ಪುಣ್ಯಾತ್ಮ, ಎರಡು ಮಾತು ಅಂದರೆ ನಿನ್ನ ಗಂಟೇನು ಹೋಗುತ್ತದೆ!

"ಇದ ತಾಯಿ ಮುಂದ ಮೂರು ಸಲ ಆಣಿ ಮಾಡೀನಿ. ಮೂರೂ ಸುಳ್ಳಾದ್ವು. ನಾಕನೇದ್ದು ಹೇಳಾಕ ನಾ ಬಂದಿಲ್ಲ," ಎಂದ ಕಾಕಾ, ತಲೆ ತಗ್ಗಿಸದೆ.

ಅಣ್ಣ ತಂಗಿಯ ಕೈ ಹಿಡಿದು ತಿರುಗಿದ. ಕಾಕು ಕದಲಲಿಲ್ಲ. ಗಂಡನನ್ನೇ ನೋಡುತ್ತ ಕೇಳಿದಳು:

"ಇವತ್ತ ಕುಡದೀರೇನು?"

"ಇಲ್ಲ."

"ನಾಳೆ?"

"ನಾಳೇದ್ದು ನಾಳೆ ಕೇಳು."

"ಕೇಳಬೇಕಂದ್ರ ನಾ ಅಲ್ಲೇ ಇರಬೇಕಲ್ಲ," ಎಂದವಳೇ ಅಣ್ಣನ ಕೈ ಬಿಡಿಸಿಕೊಂಡು ನಮ್ಮ ಜೊತೆ ಇಳಕಲ್ಲ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಎರಡು ವರ್ಷದ ಮೇಲೆ ಯಾರದೋ ಮದುವೆಯಲ್ಲಿ ಕಾಕಾ ಒಂದು ದಿನ ಕುಡಿದ, ಖರೆ. ಊರಿಗೆ ಊರೇ ಕುಣಿಯಿತು: "ನಾವು ಹೇಳಿದ್ದಿಲ್ಲೇನು? ನಾಯಿ ಬಾಲ ಡೊಂಕ!" ಮರುದಿನ ಬೆಳಿಗ್ಗೆ ನಮ್ಮ ಗೋಡೆಯಾಚೆ ಎಂದಿನ ಹೊತ್ತಿಗೆ ಮಗ್ಗದ ಸದ್ದು ಶುರುವಾಗಿತ್ತು. ಅದನ್ನು ಮಾತ್ರ ಯಾರೂ ಆಡಿಕೊಳ್ಳಲಿಲ್ಲ. ಆಮೇಲೆ ಕೊನೆಯವರೆಗೂ ಕಾಕಾ ಮುಟ್ಟಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಕಾಕುವನ್ನು ಮಾತನಾಡಿಸಲು ಹೋದಾಗ ಓಣಿಯ ಹಿರಿಯನೊಬ್ಬ ಗೋಡೆಗೆ ಒರಗಿ ಕೂತು, "ಒಳ್ಳೆ ಮನಶ್ಯಾ. ಆದ್ರೂ ನಡಕ ಒಮ್ಮೆ ಜಾರಿದ್ದ ಬಿಡ್ರಿ..." ಎಂದ. ನಲವತ್ತು ವರ್ಷ ಕುಡಿಯದೆ ಇದ್ದದ್ದನ್ನು ಬಿಟ್ಟು ಆ ಒಂದೇ ದಿನವನ್ನು ಹೆಕ್ಕಿ ಇಟ್ಟುಕೊಂಡಿದ್ದನಲ್ಲ, ಅವನ ನೆನಪಿಗೆ ಬೆಂಕಿ ಬೀಳಲಿ! ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ತಲೆ ಎತ್ತಿದಳು.

"ಹೌದು, ಜಾರಿದ್ರು. ಅವತ್ತ ಸೀದಾ ಮನಿಗೆ ಬಂದು ನನಗ ಹೇಳಿದ್ರು. ಆಣಿ ಮಾಡಿದ್ರ ಮುಚ್ಚಿಡತಿದ್ರು. ಮುಚ್ಚಿಟ್ಟಿದ್ರ ಮತ್ತ ಕುಡೀತಿದ್ರು."

ಹಿರಿಯ ಚಪ್ಪಲಿ ಹುಡುಕತೊಡಗಿದ. ಕಾಕು ಮಾತ್ರ ಅಲ್ಲಿಯವರೆಗೆ ತಡೆದಿಟ್ಟಿದ್ದ ಅಳುವನ್ನು ಬಿಟ್ಟು, ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತಳು.